ಮೂರನೆಯ ಚೆಂಡು

ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಆಮೇಲೆ ಏನೂ ಇಲ್ಲ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಕ್ಕೆ, ಕೊಪ್ಪದ ನನ್ನ ಮನೆಯಲ್ಲಿ ಮೂರು ಹೊತ್ತೂ ಕೇಳುತ್ತಿದ್ದ ಸದ್ದು ಇದು. ಪ್ಲಾಸ್ಟಿಕ್ಕಿನ ಮೂರು ಗೂಡು, ಗೂಡಿಗೊಂದು ಬಣ್ಣದ ಚೆಂಡು, ಪಕ್ಕದಲ್ಲೊಂದು ಕೊಳವೆ. ಕೊಳವೆ ಬಾಯಿಗಿಟ್ಟು ಉಸಿರು ಒಳಗೆ ಎಳೆದರೆ ಚೆಂಡುಗಳು ಒಂದೊಂದಾಗಿ ಎದ್ದು ಮೇಲೆ ಬಡಿಯಬೇಕು. ನನಗೆ ಎರಡೇ ಏಳುತ್ತಿದ್ದವು. ಮೂರನೆಯದು ಲಾಸ್ಟ್ ಬೆಂಚಿನ ಸೋಮಾರಿಯ ಹಾಗೆ ಕೂತಲ್ಲೇ ಅಲುಗಿ ಸುಮ್ಮನಾಗುತ್ತಿತ್ತು. ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಕಾಪಿ ಹೊಡೆದ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿದವಳು. ಅಂಥ ನಾನು ಜೀವನದಲ್ಲಿ ಒಂದೇ ಒಂದು ಸಲ ಚೀಟ್ ಮಾಡಿದ್ದು ಉಸಿರಾಡುವ ವಿಷಯದಲ್ಲಿ ಎಂದರೆ ನೀವು ನಗಬಹುದು. ಧಾರಾಳವಾಗಿ ನಗಿ. ನಾನು ನಕ್ಕರೆ ಕೆಮ್ಮು ಬರುತ್ತದೆ.

ನನ್ನ ಕಾಯಿಲೆಗೆ ಸಿ.ಓ.ಪಿ.ಡಿ. ಎಂದು ಹೆಸರು. ಸಿಗರೇಟು ಸೇದಿದವರು ನಮ್ಮ ಯಜಮಾನರು, ಕೆಮ್ಮುವವಳು ನಾನು; ನಮ್ಮ ದಾಂಪತ್ಯದಲ್ಲಿ ಇಂಥ ಹಂಚಿಕೆ ಇದೊಂದೇ ಅಲ್ಲ, ಅದಿರಲಿ. ಪ್ರತಿ ಗುರುವಾರ ಆಸ್ಪತ್ರೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ನಮ್ಮಂಥ ಆರು ಮಂದಿಯನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ಉಸಿರು ಎಳೆಯುವ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟರೆ, ಶ್ವಾಸಕೋಶ ಹಾಳಾಗಿದ್ದರೂ ಇದ್ದುದರಲ್ಲೇ ನಾಲ್ಕು ಹೆಜ್ಜೆ ಹೆಚ್ಚು ನಡೆಯಬಹುದು ಎಂಬುದು ಅವಳ ಪಾಠ. ನನ್ನ ಪಕ್ಕ ಕೂರುತ್ತಿದ್ದವರು ಜಯಪುರದ ಶಾಂತಕ್ಕ. ನಲವತ್ತು ವರ್ಷ ಅಲ್ಲಿನ ಒಂದು ಹೋಟೆಲಿನ ಸೌದೆ ಒಲೆಯ ಮುಂದೆ ದೋಸೆ ಹುಯ್ದವರು. ಡಾಕ್ಟರು "ಬೀಡಿ ಸೇದ್ತಿದ್ರಾ?" ಎಂದರೆ, "ಇಲ್ಲ ಸ್ವಾಮಿ, ಒಲೆ" ಎಂದಿದ್ದರು.

"ಸ್ಟ್ರಾ ಹಾಕಿ ಎಳನೀರು ಎಳೆದ ಹಾಗೆ ಎಳೀರಿ ಅಜ್ಜಿ" ಎಂದು ಹುಡುಗಿ ಹೇಳಿಕೊಟ್ಟರೆ ಶಾಂತಕ್ಕ, "ಎಳನೀರಿಗೆ ಎಂತ ಸ್ಟ್ರಾ ಮಾರಾಯ್ತಿ, ಎತ್ತಿ ಕುಡಿಯೋದಪ್ಪ" ಎನ್ನುವರು. ಹುಡುಗಿ ಎದುರಿಗಿದ್ದಾಗ ಅವರಿಗೆ ಒಂದು ಚೆಂಡೂ ನೆಟ್ಟಗೆ ಏಳುತ್ತಿರಲಿಲ್ಲ. ಆದರೆ ಹಟ ಇತ್ತು. ಸಿರಿಮನೆಯಲ್ಲಿ ಅವರ ತಂಗಿ ಹಾಸಿಗೆ ಹಿಡಿದು ಎರಡು ವರ್ಷ. ಜೀಪು ಕೆಳಗೆ ಹಳ್ಳ ದಾಟುವ ಸಂಕದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮನೆಗೆ ಕಡಿದಾದ ಏರು. "ಅದೊಂದು ಏರು ಹತ್ತಿಸಿ ಬಿಡಿ ಟೀಚರೇ, ಒಂದೇ ಸಲ ಅವಳ ಮುಖ ನೋಡಿ ಬರ್ತೆ" ಎನ್ನುತ್ತಿದ್ದರು, ಹತ್ತಿಸುವವಳು ನಾನೇ ಎಂಬಂತೆ.

ಅಷ್ಟರಲ್ಲಿ ಹುಡುಗಿಗೆ ಮದುವೆ ನಿಶ್ಚಯವಾಗಿ ಆರು ವಾರ ರಜೆ ಹಾಕಿದಳು. ಹೋಗುವಾಗ, ಯಾರಿಗೆ ಎಷ್ಟು ಚೆಂಡು ಎದ್ದವೆಂದು ವಾರವಾರ ಫೋನಿನಲ್ಲಿ ಕೇಳಿ ಬರೆದಿಡಲು ಎಲ್ಲರ ಚಾರ್ಟನ್ನೂ ನನ್ನ ಕೈಗಿಟ್ಟು, "ಟೀಚರ್, ನೀವೇ ಮಾನಿಟರ್" ಎಂದಳು. ನನಗೆ ಐವತ್ತು ವರ್ಷದ ಮೇಲೆ ಮತ್ತೆ ಬ್ಯಾಡ್ಜ್ ಸಿಕ್ಕಷ್ಟು ಖುಷಿ. ಎರಡನೇ ವಾರಕ್ಕೆ ಶಾಂತಕ್ಕನ ಚಾರ್ಟಿನಲ್ಲಿ ಮೂರು ಚೆಂಡು! ಮಾನಿಟರಿಗೆ ಎರಡು, ದೋಸೆ ಹುಯ್ಯುವವರಿಗೆ ಮೂರು. ಮನಸ್ಸು ತಡೆಯದೆ ಜಯಪುರದ ಬಸ್ಸು ಹತ್ತಿದೆ.

"ಮೊದ್ಲು ನೆಟ್ಟಗಿಟ್ಟು ಊದಿದೆ, ಅಲುಗಾಡ್ಲಿಲ್ಲ ಶನಿಗಳು. ತಲೆಕೆಳಗು ಮಾಡಿ ಊದಿದೆ. ಈಗ ನೋಡಿ" ಎಂದು ಯಂತ್ರವನ್ನು ಬೋರಲು ಹಿಡಿದು ಊದಿದರು. ಮೂರೂ ಎದ್ದವು. ಊದುಗೊಳವೆ ಹಿಡಿದು ಜೀವನ ಸವೆಸಿದ ಬಾಯಿಗೆ ಕೊಳವೆ ಕೊಟ್ಟರೆ ಅದು ಇನ್ನೇನು ಮಾಡೀತು? "ನೀವೂ ಊದಿ" ಎಂದು ನನ್ನ ಬಾಯಿಗೂ ಇಟ್ಟರು. ಟಕ್, ಟಕ್, ಟಕ್. ಶಾಂತಕ್ಕ ಚಪ್ಪಾಳೆ ತಟ್ಟಿದರು.

ಯಂತ್ರದ ಜೊತೆ ಬಂದ ಇಂಗ್ಲಿಷ್ ಕಾಗದವನ್ನು ಮೂರು ಸಲ ಓದಿದ್ದವಳು ನಾನು. ಎಳೆಯಬೇಕು, ಊದಬಾರದು ಎಂದು ಬೋಲ್ಡ್ ಲೆಟರ್ಸಿನಲ್ಲಿತ್ತು. ಬಾಯಿ ತೆರೆದೆ. "ಇನ್ನು ಆ ಏರು ಎಂತ ಮಹಾ ಬಿಡಿ!" ಎಂದು ಅವರು ಮುಖವೆಲ್ಲ ಅರಳಿಸಿ ನಿಂತಿದ್ದರು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಅದು ಪೂರಾ ನಿಜವಲ್ಲ. ಮನೆಗೆ ಬಂದು ನನ್ನ ಚಾರ್ಟಿನಲ್ಲೂ ಮೂರು ಎಂದು ಬರೆದುಕೊಂಡೆ. ಅವರದನ್ನು ತಿದ್ದಿದರೆ ನನ್ನದನ್ನೂ ಅಳಿಸಬೇಕಲ್ಲ! ಮುಂದಿನ ವಾರ ಹೇಳಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಆರನೇ ವಾರ ಶಾಂತಕ್ಕ ಯಾರಿಗೂ ಹೇಳದೆ, ಮೂರು ಚೆಂಡಿನ ಧೈರ್ಯದ ಮೇಲೆ, ಸಿರಿಮನೆಗೆ ಹೊರಟೇಬಿಟ್ಟರು. ಅರ್ಧ ಏರಿಗೆ ಕೂತವರು ಏಳಲಿಲ್ಲ. ತುಟಿ ನೀಲಿಗಟ್ಟಿತ್ತಂತೆ. ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು ಮೇಲಕ್ಕಲ್ಲ, ಕೆಳಕ್ಕೆ ತಂದರು. ತಂಗಿ ಮೇಲೆ ಹಾಸಿಗೆಯಲ್ಲೇ ಕಾಯುತ್ತಿದ್ದಳು. "ಅವರ ಶ್ವಾಸಕೋಶಕ್ಕೆ ಯಾವ ಎಕ್ಸರ್‌ಸೈಜ್ ಮಾಡಿದ್ದರೂ ಆ ಏರು ಕಷ್ಟವೇ ಇತ್ತು" ಎಂದು ಡಾಕ್ಟರು ನನಗೆ ಹೇಳಿದರು. ಕಷ್ಟ ಎಂದರು, ಆಗುತ್ತಿರಲಿಲ್ಲ ಎನ್ನಲಿಲ್ಲ. ನಾನು ಇಂಗ್ಲಿಷ್ ಟೀಚರ್, ಇಂಥ ವ್ಯತ್ಯಾಸ ಗೊತ್ತಾಗಿಬಿಡುತ್ತದೆ.

ಶಾಂತಕ್ಕನನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ನನ್ನನ್ನು ಕಂಡವರೇ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿದರು. "ಟೀಚರೇ, ನಾವಿಬ್ರೂ... ತಪ್ಪು ಮಾಡಿದ್ವಂತೆ. ಊದೋದಲ್ಲ... ಎಳೆಯೋದಂತೆ. ಆ ಹುಡುಗಿ ಬಂದು ಹೇಳ್ತು. ಪಾಪ, ನಿಮಗೂ ಗೊತ್ತಿರ್ಲಿಲ್ಲ."

"ಹೌದಾ ಶಾಂತಕ್ಕ?" ಎಂದೆ.

"ಬೇಜಾರು ಮಾಡ್ಕೋಬೇಡಿ. ಇನ್ನು ನೀವಾದ್ರೂ... ಸರಿ ಮಾಡಿ" ಎಂದು ತುಟಿ ಮುಂದೆ ಚಾಚಿ, ಇಲ್ಲದ ಉಸಿರನ್ನು ಹೇಗೋ ಒಳಗೆ ಎಳೆದು, ಹೀಗೆ ಎಂದು ತೋರಿಸಿದರು. ನಾನು, ಮಾನಿಟರ್, ಏನೂ ತಿಳಿಯದವಳ ಹಾಗೆ ಪಕ್ಕದಲ್ಲಿ ಕೂತು, ಅವರ ಕೈಲಿ ಎರಡು ಸಲ ಹೇಳಿಸಿಕೊಂಡು ಕಲಿತೆ.