ಎಮ್ಮಿ ಮಾರಿ ಶೇರು ಕಟ್ಟಿದ್ದು

ನಾ ಸುಮ್ಮನ ಕಟ್ಟಿ ಮ್ಯಾಲೆ ಕುಂತರೂ ಏನಾರ ಒಂದು ಪ್ರಸಂಗ ನನ್ನ ಹುಡುಕಿಕೊಂಡ ಬರತೈತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಎಲ್ಲಾ ಕಡೆ ದನದ ಸಂತ್ಯಾಗ ದಲಾಲಿ ಮಾಡಿದಾಂವ ನಾನು. ಸಾಲಿ ಮುಖಾ ನೋಡಿಲ್ಲ, ಅಂಗಡಿ ಬೋರ್ಡು ಓದಿ ಅಕ್ಷರ ಕಲತೇನಿ. ಆದರ ನಾ ಆರಿಸಿದ ಎಮ್ಮಿ ಅಂದ್ರ ಎಮ್ಮಿ! ಒಂದರ ಹಾಲಿನ ಮ್ಯಾಲೆ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೋಳು ಇಡೀ ಬ್ಯಾಸಗಿ ನಡದುವು. ನಂಬದವರು ಆ ಎಮ್ಮೀನ ಕೇಳಬೇಕು. ಅದು ಈಗಿಲ್ಲ.

೧. ಹಲ್ಲು

ನಮ್ಮ ಸೊಸಿ ಚಿಕ್ಕೋಡ್ಯಾಗ ನೌಕರಿ ಮಾಡತಾಳ. ಒಂದಿನ ಫೋನ್ ಹಿಡಕೊಂಡು ಕುಂತಿದ್ಲು.

"ಏನ್ ನೋಡಾಕತ್ತೀ ಯವ್ವಾ?"

"ಸ್ಕ್ರೀನರ್ ರೀ ಮಾವಾರ. ಕಂಪನಿಗೋಳಿಗೆ ಜರಡಿ ಹಿಡಿಯೂದು. ರೇಟು ಅಗ್ಗ ಇರಬೇಕು, ಸಾಲ ಕಡಿಮಿ ಇರಬೇಕು, ವರ್ಷಾ ಡಿವಿಡೆಂಡ್ ಕೊಡಬೇಕು ಅಂತ ಹಾಕಿದ್ರ ಅಂಥಾ ಶೇರು ಅಷ್ಟ ಉಳೀತಾವು."

"ಡಿವಿಡೆಂಡ್ ಅಂದ್ರ?"

"ಕಂಪನಿ ಲಾಭದಾಗ ನಮ್ಮ ಪಾಲು. ಶೇರು ಮಾರದನ ರೊಕ್ಕ ಬರತೈತ್ರಿ."

"ಅಂದ್ರ ಎಮ್ಮಿ ಮಾರದನ ಹಾಲು! ಇದಕ್ಕ ಫೋನ್ ಯಾಕ ಬೇಕು? ಜೀವಮಾನೆಲ್ಲಾ ಇದನ್ನ ಮಾಡೇನಿ. ಬರಿ, ಮೊದಲ ಹಲ್ಲು ನೋಡು."

"ಕಂಪನಿಗೆ ಹಲ್ಲು ಎಲ್ಲಿಂದ ತರ್ಲಿ ಮಾವಾರ?"

"ಹಲ್ಲಿಲ್ಲದ್ದು ನಮಗ ಬ್ಯಾಡ, ಮುದಿ ಇರತೈತಿ. ಮುಂದಿಂದು ನೋಡು."

೨. ಉಬ್ಬಿದ ಕೆಚ್ಚಲು

ಜರಡಿ ಹಿಡದ ಮ್ಯಾಲೆ ಎಲ್ಲಾದಕ್ಕಿಂತ ಮ್ಯಾಲೆ ಒಂದು ಕಂಪನಿ ಬಂತು. ರೇಟು ಮಣ್ಣು, ಡಿವಿಡೆಂಡ್ ಬಂಗಾರ. ಸೊಸಿ ಕುಣದಾಡಿದ್ಲು.

"ಹ್ವಾದ ವರ್ಷ ಎಷ್ಟ ಕೊಟ್ಟಿತ್ತು?" ಅಂದೆ.

"ಏನೂ ಇಲ್ರಿ."

"ಅದರ ಹಿಂದ?"

"ಅದೂ ಇಲ್ಲ. ಈ ವರ್ಷ ಜಾಗಾ ಮಾರ್ಯಾರಂತ, ಅದಕ್ಕ ಕೊಟ್ಟಾರ."

ನಾ ತೊಡಿ ತಟ್ಟಿ ನಕ್ಕೆ. "ಸಂತಿಗೆ ತರೂ ಮುಂದ ಹಿಂಡದನ ಬಿಟ್ಟು ಕೆಚ್ಚಲಾ ಉಬ್ಬಿಸಿಕೊಂಡು ತರತಾರಲ್ಲ, ಅದ ಆಟ ಇದು! ನನ್ನ ಕಣ್ಣಿಗೆ ಇಂಥಾ ಮೋಸ ನಡ್ಯಾಂಗಿಲ್ಲ."

ಒಳಗಿಂದ ನನ್ನ ಹೆಂಡ್ತಿ ಅಂದ್ಲು: "ನನ್ನ ನೋಡಾಕ ಬಂದಾಗ ನೀವೂ ಹಂಗ ಬಂದಿದ್ರಿ. ಹೊಸಾ ಧೋತರ, ಕೈಯಾಗ ಗಡಿಯಾರ. ಲಗ್ನಾದ ಮರುದಿನ ಎಲ್ಲಾ ಗೆಳ್ಯಾನ ಮನಿಗೆ ಹೊಳ್ಳಿ ಹೋತು."

೩. ಗೇಟಿನ ಮುಂದ

ಕಡೀಕ ಒಂದು ಪೈಪ್ ಮಾಡೂ ಕಂಪನಿ ಉಳೀತು. ಅಗ್ಗ, ಸಾಲಿಲ್ಲ, ವರ್ಷಾ ತಪ್ಪದ ಕೊಡತೈತಿ. ರೊಕ್ಕಕ್ಕ ಮನಿ ಎಮ್ಮಿ ಮಾರಿದೆ. ಎಮ್ಮಿ ಹೆಂಡ್ತೀದು, ಪಾಲಬಾವಿ ತವರಿಂದ ಬಂದ ತಳಿ. ಅಕಿ ಎರಡು ಮಾತು ಹೇಳಿದ್ಲು. ಒಂದು, ಶೇರು ಅಕಿ ಹೆಸರಿಗೆ ಆಗಬೇಕು. ಎರಡು, ಡಿವಿಡೆಂಡ್ ಬರೂತನಕ ನನಗ ಕರೀ ಚಹಾ. ಡೇರಿ ಹಾಲು ತನಗೂ ಸೊಸಿಗೂ ಅಷ್ಟ. ಇಷ್ಟು ತಾಲೂಕಿನ ಹಾಲು ರುಚಿ ನೋಡಿದ ಬಾಯಿಗೆ ಕರೀ ಚಹಾ!

ಆದರೂ ನೋಡದನ ದನಾ ತಗೊಳ್ಳೂ ಪೈಕಿ ಅಲ್ಲ ನಾನು. ದಿಗ್ಗೇವಾಡಿ ಬೀಗರನ್ನ, ಅಂದ್ರ ಸೊಸಿ ಅಪ್ಪನ್ನ, ಕರಕೊಂಡು ಗಡಿ ಆಚೆ ಕಂಪನಿಗೇ ಹೋದೆ. ದಾರಿ ತುಂಬಾ ಬೀಗರು, "ಎಮ್ಮಿ ಬಿಟ್ಟು ಮೊಬೈಲ್ ಹಿಂಡತೀರಂತಲ್ರಿ?" ಅಂತ ಕಾಡಿದ್ರು.

ಗೇಟಿನ್ಯಾಗ ವಾಚಮನ್, "ಕಾಯ್ ಪಾಹಿಜೆ ಆಜೋಬಾ?" ಅಂದ. ಏನ್ ಬೇಕು ಅಜ್ಜಾ ಅಂತ. ನಾ ದನದ ರೇಟು ಗುಟ್ಟಿಲೆ ಮಾತಾಡೂ ಸಂತಿ ಪದ್ಧತಿ ಪ್ರಕಾರ ಅಂವನ ಕೈ ಮ್ಯಾಲೆ ಟಾವೆಲ್ ಹೊಚ್ಚಿ, ಒಳಗ ಬೆರಳು ಹಿಡದು, "ಖರೇ ಹೇಳು, ಧಂಧೆ ಹೆಂಗೈತಿ?" ಅಂದೆ. ಅಂವ ಹಾರಿ ಬಿದ್ದ, ಮರಾಠಿ ಬಿಟ್ಟು ಕನ್ನಡಕ್ಕ ಇಳದ.

"ಪಗಾರ ಒಂದನೇ ತಾರೀಖಿಗೆ ಬರತೈತೇನು?"

"ಬರತೈತ್ರಿ, ಕೈ ಬಿಡ್ರಿ!"

"ನೋಡ್ರಿ ಬೀಗರ, ಹೊತ್ತಿಗೆ ಸರಿಯಾಗಿ ಮೇವು ಹಾಕತಾರ. ಸೌದಾ ಪಕ್ಕಾ!"

ವಾಚಮನ್ ಬೀಗರ ಕಿವ್ಯಾಗ, "ಇವರ ತಲಿ ಬರೋಬರ್ ಐತೇನ್ರಿ?" ಅಂದ.

ಬೀಗರು, "ಗೊತ್ತಿಲ್ಲಪಾ, ಮಗಳ ಕೊಟ್ಟೇವಿ, ಅಷ್ಟ ಸಂಬಂಧ," ಅಂದ್ರು.

೪. ಕರುವಿನ ಪಾಲು

ಶೇರು ತಗೊಂಡ್ವಿ. ಕರೀ ಚಹಾ ಕುಡದು ಕುಡದು ನನ್ನ ಮೀಸಿ ಸೈತ ಕರ್ರಗಾಗಾಕ ಹತ್ತಿತ್ತು, ಊರ ಮಂದಿ ಬಣ್ಣಾ ಹಚ್ಚೀರೇನು ಅಂತ ಕೇಳತಿದ್ರು. ಒಂದಿನ ಮುಂಜಾನೆ ಹೆಂಡ್ತಿ ಫೋನ್ ಟಿಂಗ್ ಅಂತು. ಸೊಸಿ ನೋಡಿ, "ಮಾವಾರ, ಡಿವಿಡೆಂಡ್ ಬಂತ್ರಿ!" ಅಂದ್ಲು.

ನಾ ಓಣಿ ಮಂದಿನ್ನೆಲ್ಲಾ ಕರದೆ. ಬೀಗರಿಗೂ ಫೋನ್ ಮಾಡಿ ಕರಸಿದೆ. ಕಟ್ಟಿ ಮ್ಯಾಲೆ ಕುಂತು, "ನೋಡ್ರಿ, ಹುಲ್ಲು ಕೇಳದ, ಸಗಣಿ ಹಾಕದ, ಒದಿಯದ ಎಮ್ಮಿ ಕಟ್ಟೇನಿ," ಅಂತ ಮೀಸಿ ತಿರುವಿದೆ.

ಹೆಂಡ್ತಿ ಚಹಾ ತಂದ್ಲು. ಎಲ್ಲಾರ ಕಪ್ಪಿನ್ಯಾಗೂ ಹಾಲು. ನನ್ನ ಕಪ್ಪಿನ್ಯಾಗ ಡಾಂಬರು.

"ಯಾಕ ಇದು? ರೊಕ್ಕ ಬಂತಲ್ಲ!"

"ಬಂತ್ರಿ. ಅದರಾಗ ಅದ ಶೇರು ಇನ್ನೊಂದಿಷ್ಟು ತಗೋ ಅಂತ ಸೊಸಿಗೆ ಹೇಳೇನಿ. ಮೊದಲ ಕರುವಿಗೆ ಬಿಡಬೇಕಲ್ರಿ? ಕರು ಬೆಳದ ಮ್ಯಾಲೆ ನಿಮಗ."

ಮಂದಿ ನಗಾಕ ಹತ್ತಿದ್ರು. ಆದರ ನನ್ನ ಎದಿ ಉಬ್ಬಿತು. ಇಷ್ಟು ಶ್ಯಾಣ್ಯಾ ಹೆಣ್ಣಮಗಳು ಈ ಸೀಮ್ಯಾಗ ಇನ್ನೊಬ್ಬಾಕಿ ಎಲ್ಲಿ ಅದಾಳ? ಕರೀ ಚಹಾ ಎತ್ತಿ ಹಿಡದು, "ಬೀಗರ, ಇಕೀನ ಆರಿಸಿದಾಂವ ಯಾರು? ಸ್ಕ್ರೀನರ್ ಹುಟ್ಟೂಕಿಂತ ಮೊದಲ ಜರಡಿ ಹಿಡದೇನಿ ನಾನು!" ಅಂದೆ.

ಹೆಂಡ್ತಿ ಖಾಲಿ ಕಪ್ಪು ಎತ್ತಿಕೋತ ಅಂದ್ಲು: "ಹೌದ್ರಿ. ಆದರ ಆವಾಗ ನಮ್ಮಪ್ಪನ ಕಡೆ ಸ್ಕ್ರೀನರ್ ಇದ್ದಿದ್ರ, ನೀವು ಜರಡ್ಯಾಗ ಉಳೀತಿದ್ರೇನು?"