ಮೂರು ಸಲ ಸತ್ತ ಅಂಜನಾ

ವನದುರ್ಗದ ಆಶಾ ಕಾರ್ಯಕರ್ತೆ ರೇಣುಕಾದೇವಿಗೆ ಬಸುರಿಯರ ಆರೈಕೆಯ ಆನ್‌ಲೈನ್ ತರಬೇತಿ ಮುಗಿಸಲು ಅಂದೇ ಕೊನೆಯ ದಿನ. ಆದರೆ ಕೈತುಂಬ ಜೋಳದ ಹಿಟ್ಟು. ಅದನ್ನು ಕಂಡು ಅವಳ ಗಂಡ, ಟಂಟಂ ಗಾಡಿ ಓಡಿಸುವ ಮರಿಲಿಂಗಪ್ಪನಲ್ಲಿ ಪರೋಪಕಾರ ಬುದ್ಧಿ ಉಕ್ಕಿತು.

"ಮೊಬೈಲ್ ಇಲ್ಲಿ ತಾ. ದಿನಾ ಐವತ್ತು ಮಂದಿನ್ನ ಶಹಾಪುರಕ್ಕ ಮುಟ್ಟಸ್ತೀನಿ. ಒಬ್ಬಾಕಿ ಬಸುರಿನ್ನ ಪಾರು ಮಾಡೂದು ಯಾವ ದೊಡ್ಡ ಮಾತು?"

"ಅದು ಕತಿ ಅದರಿ. ನೀವು ಆರಿಸಿದಂಗ ಕತಿ ಮುಂದ ನಡೀತದ. ಓದಿ, ನೋಡಿ ಒತ್ತರಿ," ಎಂದು ಅವಳು ರೊಟ್ಟಿ ಬಡಿಯತೊಡಗಿದಳು.

ಕಥೆಯ ಅಂಜನಾಗೆ ಎಂಟು ತಿಂಗಳು. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ. ಪರದೆ ಕೇಳಿತು: ನೀವೇನು ಮಾಡುತ್ತೀರಿ? ಮರಿಲಿಂಗಪ್ಪ 'ತಲೆನೋವಿನ ಗುಳಿಗೆ ಕೊಡಿ' ಒತ್ತಿದ. (ಅವನಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಅಷ್ಟೇ.) ಅಂಜನಾಗೆ ಫಿಟ್ಸ್ ಬಂತು. ಪರದೆ ಕಪ್ಪಾಯಿತು: 'ಅಂಜನಾ ಬದುಕುಳಿಯಲಿಲ್ಲ. ಮತ್ತೆ ಪ್ರಯತ್ನಿಸಿ.'

ಎರಡನೇ ಸಲ 'ಮಲಗಿಸಿ' ಎಂದ. ಸತ್ತಳು. ಮೂರನೇ ಸಲ 'ಚಹಾ ಕುಡಿಸಿ' ಎಂದ. ಇನ್ನೂ ಬೇಗ ಸತ್ತಳು. ಬೆವರಿಗೆ ಅಂಗಿ ಬೆನ್ನಿಗಂಟಿತು. ಉಳಿದದ್ದು ಒಂದೇ ಅವಕಾಶ. ಅಷ್ಟರಲ್ಲಿ ಸುರಪುರದಲ್ಲಿರುವ ಮಗಳು ರಾಧಿಕಾ ನೆನಪಾದಳು. ಅವಳಿಗೂ ಎಂಟು ತಿಂಗಳು! ತನ್ನ ಫೋನ್ ತೆಗೆದು ಅವಳಿಗೆ ಕರೆ ಮಾಡಿದ.

"ತಲಿ ನೋಯಾಕತ್ತದೇನವ್ವ?"

"ಇಲ್ಲಪ್ಪ."

"ಕಣ್ಣು ಕಾಣ್ತಾವೇನು? ಎದುರಿಗೆ ಏನದ ಹೇಳು!"

"ಅತ್ತಿ ಕುಂತಾರ. ಯಾಕಪ್ಪ, ಏನಾಗ್ಯದ?"

"ಚಹಾ ಮಾತ್ರ ಕುಡಿಬ್ಯಾಡವ್ವ!"

ರೇಣುಕಾದೇವಿ ಹಿಟ್ಟಿನ ಕೈಯಲ್ಲೇ ಎರಡೂ ಫೋನ್ ಕಸಿದುಕೊಂಡಳು. "ರಾಧಿಕಾ ಮುಂಜಾನಿನೇ ಬಿಪಿ ತೋರಿಸ್ಯಾಳ, ಆರಾಮ ಅದಾಳ. ನೀವು ಗಪ್ಪ ಕುಂದರ್ರಿ!"

ಮಗಳನ್ನು ಸಮಾಧಾನ ಮಾಡಿ, ಕಥೆಯಲ್ಲಿ 'ಬಿಪಿ ಪರೀಕ್ಷಿಸಿ' ಒತ್ತಿದಳು. ಅಂಜನಾ ಇನ್ನೂ ಉಸಿರಾಡುತ್ತಿದ್ದಳು. ಮರಿಲಿಂಗಪ್ಪ ಉಸಿರು ಬಿಗಿಹಿಡಿದು ಹೆಂಡತಿಯ ಭುಜದ ಮೇಲಿಂದ ಇಣುಕಿದ. ಬಿಪಿ ವಿಪರೀತ ಏರಿದೆ. ಆದರೆ ಅಂಜನಾಳ ಗಂಡ, 'ನನಗೆಲ್ಲ ಗೊತ್ತು, ನಾಳೆ ನೋಡಿದರಾಯಿತು' ಎನ್ನುತ್ತಿದ್ದಾನೆ. ನೀವೇನು ಮಾಡುತ್ತೀರಿ?

"ಅವನ ಮಾತು ಕೇಳಬ್ಯಾಡ!" ಮರಿಲಿಂಗಪ್ಪ ಚೀರಿದ. "ಆ ಮಬ್ಬಗ ಏನು ತಿಳೀತದ? ಮನ್ಯಾಗ ಕುಂತು ಹೇಣ್ತಿ ಕೆಲಸದಾಗ ಬಾಯಿ ಹಾಕ್ತಾನ!"

ರೇಣುಕಾದೇವಿ 'ಆಂಬುಲೆನ್ಸ್ ಕರೆಯಿರಿ' ಒತ್ತಿದಳು. ಅಂಜನಾ ಬದುಕಿದಳು.

"ಮದಿವ್ಯಾಗಿ ಇಪ್ಪತ್ತಾರು ವರ್ಷಕ್ಕ," ಅವಳು ಗಂಡನನ್ನು ಕಣ್ತುಂಬ ನೋಡಿ ಅಂದಳು, "ಒಂದು ಖರೇ ಮಾತು ಆಡಿದ್ರಿ ನೋಡ್ರಿ."