ಜೋಳದ ಡಬ್ಬಿಯಲ್ಲಿ ಒಂಬತ್ತು ದಿನ ತಂಗಿದ್ದ ಟಕೀಲಾ ಬಾಟಲಿಯವರಿಗೆ

ಮಾನ್ಯರೇ, ಸಮುದ್ರ ದಾಟಿ ಬಂದವರೇ, ಮುಚ್ಚಳ ತೆರೆದರೆ ಮೂರು ಮನೆಗೆ ಸುದ್ದಿ ಮುಟ್ಟಿಸುವ ಮಹನೀಯರೇ,

ಗೋಕಾಕ ತಾಲೂಕು ಮಮದಾಪುರದ ತೋಟದ ಮನೆಯಿಂದ ಭರಮವ್ವ ಎಂಬ ನಾನು, ಕೈಗೆಟುಕದಷ್ಟು ದೂರ ನಿಂತು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಶಿವನ ದಯೆಯಿಂದ ಕ್ಷೇಮವಾಗಿದ್ದೇವೆ. ತಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ, ಏಕೆಂದರೆ ಮುಕ್ಕಾಲು ಭಾಗ ತಾವು ಬಂದ ಹಾಗೆಯೇ ಇದ್ದೀರಿ. ಕಡಿಮೆಯಾದ ಕಾಲು ಭಾಗ ಎಲ್ಲಿ ಹೋಯಿತೆಂಬುದನ್ನು ಈ ಪತ್ರದಲ್ಲೇ ವಿವರವಾಗಿ ಒಪ್ಪಿಸುತ್ತೇನೆ. ಐವತ್ತು ವರ್ಷದಲ್ಲಿ ನಾನು ಯಾರಿಗೂ ಬಹಿರಂಗ ಪತ್ರ ಬರೆದವಳಲ್ಲ. ಏಳನೇ ಇಯತ್ತೆಯವರೆಗೆ ಊರ ಸಾಲಿಯಲ್ಲಿ ಕಲಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೊಟ್ಟೆಗೆ ಹೋಗುವುದು ತಮಗೆ ಹೊಸದಲ್ಲ.

ತಾವು ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳುತ್ತೇನೆ, ಇಲ್ಲವಾದರೆ ಓದುವವರು ನನ್ನ ಮೇಲೆಯೇ ತಪ್ಪು ತಿಳಿದಾರು. ಹುಕ್ಕೇರಿಗೆ ಕೊಟ್ಟ ನನ್ನ ತಂಗಿ ನಂದಾಳ ಮಗಳು ರಾಜಶ್ರೀ ಬೆಳಗಾವಿಯಲ್ಲಿ ಹೋಟೆಲು ಕೆಲಸ ಕಲಿಸುವ ಕಾಲೇಜಿನಲ್ಲಿ ಓದುತ್ತಾಳೆ. ಅಡುಗೆ ಕಲಿಸುತ್ತಾರೆಂದು ಸೇರಿಸಿದೆವು. ಅಡುಗೆಯನ್ನೂ ಕಲಿಸಿದರು. ಕೊನೆಯ ಪರೀಕ್ಷೆಗೆ ಎಂಟು ದಿನ ಇರುವಾಗ ಧುಪದಾಳದ ಹತ್ತಿರ ಟ್ರ್ಯಾಕ್ಟರಿನಿಂದ ಬಿದ್ದಿದ್ದ ಕಬ್ಬಿನ ಮೇಲೆ ಅವಳ ಸ್ಕೂಟಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಅಭ್ಯಾಸಕ್ಕೆಂದು ಕಾಲೇಜಿನವರು ತಮ್ಮ ಜೊತೆ ಕೊಟ್ಟು ಕಳಿಸಿದ್ದ ಉದ್ದನೆಯ ಗ್ಲಾಸೂ ಚೀಲದಲ್ಲೇ ಮುರಿಯಿತು. ತಾವು ಮಾತ್ರ ಅದೇ ಚೀಲದಲ್ಲಿ, ಅದೇ ಟವೆಲಿನೊಳಗೆ, ಒಂದು ಗೀರೂ ಇಲ್ಲದೆ ಉಳಿದಿರಿ. ಕೆಟ್ಟದ್ದಕ್ಕೆ ಆಯುಷ್ಯ ಜಾಸ್ತಿ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದುದು ಆಗ ನನಗೆ ನೆನಪಾದರೆ ಅದು ನನ್ನ ತಪ್ಪಲ್ಲ.

ಕಾಲೇಜಿನ ಸರ್ ದಯಾಳುಗಳು. ಪ್ಲಾಸ್ಟರ್ ಹಾಕಿದ ಕೈ ನೋಡಿ ಒಂದು ಸವಲತ್ತು ಕೊಟ್ಟರು. ಪರೀಕ್ಷೆಗಿದ್ದ, ತಮ್ಮನ್ನು ಹಾಕಿ ಮಾಡುವ, ಪದರು ಪದರಾಗಿ ಬಣ್ಣ ನಿಲ್ಲುವ ಒಂದು ಪಾನೀಯವನ್ನು ಮನೆಯಲ್ಲೇ ಮಾಡಿ ವಿಡಿಯೋ ಕಳಿಸಬಹುದು, ಕೈ ಬೇರೆ ಯಾರದಾದರೂ ನಡೆಯುತ್ತದೆ, ಹೀಗೆ ಮಾಡು ಹಾಗೆ ಮಾಡು ಎಂದು ಹೇಳುವ ಮಾತು ಮಾತ್ರ ಹುಡುಗಿಯದೇ ಆಗಿರಬೇಕು. ಗುರುವಾರ ಸಂಜೆ ಐದರೊಳಗೆ ಮುಟ್ಟಬೇಕು. ಮುಟ್ಟದಿದ್ದರೆ ಒಂದು ವರ್ಷ ಕಾಯಬೇಕು, ಕೊಲ್ಲಾಪುರದಲ್ಲಿ ಅವಳಿಗೆಂದು ಜಾಗ ಹಿಡಿದಿಟ್ಟ ಹೋಟೆಲಿನವರು ಅಲ್ಲಿಯವರೆಗೆ ಕಾಯುವವರಲ್ಲ.

ಮಗಳಿಗೆ ಕೈ ಕೊಡಬೇಕಾದವಳು ತಾಯಿ. ಆದರೆ ನಂದಾ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಅಕ್ಕಾ, ಆಕಿ ಕಲೀಲಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಆ ಬಾಟ್ಲಿ ಮತ್ತ ನನ್ನ ಹೊಸ್ತಿಲಾ ದಾಟೂದು ಬ್ಯಾಡ." ಅವಳ ಗಂಡ ಶಿವಪುತ್ರ ಹೋಗಿ ಹನ್ನೊಂದು ವರ್ಷವಾಯಿತು. ಅವನನ್ನು ಒಯ್ದವರು ತಮ್ಮ ಬಳಗದವರೇ, ತಮ್ಮಷ್ಟು ದೂರದವರಲ್ಲ, ಇಲ್ಲಿಯೇ ಹತ್ತಿರದವರು. ಆದ್ದರಿಂದ ತಾವು ನನ್ನ ಹೊಸ್ತಿಲು ದಾಟಿದಿರಿ.

ಬಂದ ಅತಿಥಿಗೆ ಜಾಗ ತೋರಿಸುವುದು ನಮ್ಮ ಪದ್ಧತಿ. ಪಡಸಾಲೆಯಲ್ಲಿ ಕೂರಿಸೋಣವೆಂದರೆ ಯಜಮಾನರು ಅಲ್ಲಿ ವಚನ ಓದುತ್ತಾರೆ, ಅಡುಗೆಮನೆಯಲ್ಲಿ ದೇವರ ಜಗುಲಿ ಇದೆ. ಕೊನೆಗೆ ಅಡುಗೆಮನೆಯಲ್ಲೇ, ದೇವರ ಕಣ್ಣಿಗೆ ಬೀಳದ ಹಾಗೆ, ಜೋಳದ ಡಬ್ಬಿಯಲ್ಲಿ ಕೊರಳವರೆಗೆ ಹೂತು ಇಟ್ಟೆ. ಅಲ್ಲಿಂದಲೂ ತಾವು ಸುಮ್ಮನಿರಲಿಲ್ಲ. ಒಮ್ಮೆ ಮುಚ್ಚಳ ತೆಗೆದು ನೋಡಿದ್ದೇ ತಡ, ಬಾಜೂ ಮನೆಯ ಗೌರಕ್ಕ ಮೊಸರು ಕೇಳಲು ಬಂದವಳು ಬಾಗಿಲಲ್ಲೇ ನಿಂತು, "ಏನಬೇ ಭರಮವ್ವಾ, ಹತ್ತಿಗಿ ಹೊಡಿಯೂ ಔಷಧ ಅಡಗಿಮನ್ಯಾಗ ಇಟ್ಟೀಯೇನ?" ಎಂದಳು. ನಾನು ಸುಳ್ಳು ಹೇಳುವವಳಲ್ಲ. "ಅದಕ್ಕಿಂತ ಜೋರಿಂದು ಐತಿ, ದೂರ ನಿಲ್ಲ" ಎಂದೆ. ಅವಳು ಸೆರಗು ಮೂಗಿಗೆ ಹಿಡಿದು ಮೊಸರು ಒಯ್ದಳು. ತಮ್ಮ ಬಗ್ಗೆ ನಾನು ಹೇಳಿದ ಮಾತು ಅಷ್ಟೇ, ಅದರಲ್ಲಿ ತಮ್ಮ ಮಾನಕ್ಕೆ ಕುಂದು ಬಂದಿದ್ದರೆ ತಿಳಿಸಬೇಕು.

ತಮ್ಮ ಮನೆತನದ ಬಗ್ಗೆ ರಾಜಶ್ರೀ ಹೇಳಿದ್ದನ್ನು ಕೇಳಿ ನನಗೆ ಗೌರವ ಉಕ್ಕಿತು. ತಾವು ಕತ್ತಾಳೆಯ ಜಾತಿಯ ಗಿಡದಿಂದ ಹುಟ್ಟಿದವರಂತೆ. ನಮ್ಮಲ್ಲಿ ಹೊಲದ ಬದುವಿಗೆ ಕತ್ತಾಳೆ ಹಚ್ಚುತ್ತಾರೆ, ದನ ಒಳಗೆ ಬರಬಾರದೆಂದು. ಅದರ ನಾರಿನಿಂದ ಹಗ್ಗ ಹೊಸೆದು ಅದೇ ದನವನ್ನು ಕಟ್ಟುತ್ತಾರೆ. ನಮ್ಮ ಹಿರಿಯರು ಅಷ್ಟಕ್ಕೇ ತೃಪ್ತರಾಗಿ, ಅದನ್ನು ಕುಡಿಯಲೂ ಬರುತ್ತದೆಂದು ತಿಳಿಯದೆಯೇ ತೀರಿಕೊಂಡರು. ಎಂಥ ಮಂದಬುದ್ಧಿ ನೋಡಿ. ಇನ್ನು ಆ ಪಾನೀಯ. ಅದು ಐವತ್ತು ವರ್ಷದ ಹಿಂದೆ ಜೋರಾಗಿ ನಡೆಯುತ್ತಿದ್ದು ಈಗ ಮತ್ತೆ ಬೇಡಿಕೆ ಬಂದಿರುವ ಹಳೇ ಕಾಲದ್ದಂತೆ, ಅದಕ್ಕೇ ಜನ ಮೆಚ್ಚುತ್ತಾರಂತೆ. ನನಗೂ ಅಷ್ಟೇ ವಯಸ್ಸು. ನನ್ನನ್ನು ಯಾರೂ ಹಾಗೆ ಮೆಚ್ಚಿದ್ದು ಕಾಣೆ. ಮೊಣಕಾಲು ನೋವೆಂದರೆ ವಯಸ್ಸಾಯಿತಲ್ಲ ಎನ್ನುತ್ತಾರೆ.

ಮಾಡುವುದು ಸರಳ ಎಂದು ಅವಳ ಪುಸ್ತಕದಲ್ಲಿ ಬರೆದಿದೆ. ಗ್ಲಾಸಿಗೆ ಮಂಜುಗಡ್ಡೆ, ಅದರ ಮೇಲೆ ತಾವು, ತಮ್ಮ ಮೇಲೆ ಕಿತ್ತಳೆ ರಸ, ಕೊನೆಗೆ ದಾಳಿಂಬೆಯ ಕೆಂಪು ಪಾಕ. ಪಾಕ ತಳಕ್ಕಿಳಿದು, ಕೆಳಗೆ ಕೆಂಪು ಮೇಲೆ ಹಳದಿಯಾಗಿ, ಹೊತ್ತು ಮೂಡಿದ ಹಾಗೆ ಕಾಣಬೇಕು. ಆ ಪಾಕದ ಶೀಸೆ ಗೋಕಾಕದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದಾಯಿತು. ಕರದಂಟಿಗೆ ಬೆಲ್ಲದ ಪಾಕ ಹಿಡಿದು ಮೂವತ್ತು ವರ್ಷ ಕೈ ಸುಟ್ಟುಕೊಂಡವಳಿಗೆ ದಾಳಿಂಬೆ ಹಿಂಡಿ, ಸಕ್ಕರೆ ಹಾಕಿ, ಎಳೆ ಬರುವ ತನಕ ಕಾಯಿಸುವುದು ಯಾವ ದೊಡ್ಡ ವಿದ್ಯೆ. ಪಾಕ ನೋಡಿ ರಾಜಶ್ರೀ, "ದೊಡ್ಡವ್ವಾ, ಕಾಲೇಜಿನ್ಯಾಗಿಂದಕಿಂತ ಚಲೋ ಬಂದೈತಿ" ಎಂದಳು. ಅದನ್ನು ತಮ್ಮ ಜೊತೆ ಕೂಡಿಸಲು ನನಗೆ ಸಂಕಟವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಒಳ್ಳೆಯ ಮನೆಯ ಹೆಣ್ಣನ್ನು ನೋಡದೆ ಕೇಳದೆ ಕೊಟ್ಟಂತಾಯಿತು.

ಮೊದಲ ಸಲ ನಾನು ತಪ್ಪಿದೆ. ಪಾಕ ಹಾಕಿದವಳೇ ಚಮಚ ಇಳಿಸಿ ಗಿರಗಿರ ತಿರುಗಿಸಿಬಿಟ್ಟೆ. ಸಕ್ಕರೆ ತಳದಲ್ಲಿ ಬಿಟ್ಟು ಶರಬತ್ತು ಕೊಡುವುದು ಬೀಗರಿಗೆ ಮಾಡುವ ಅಪಮಾನವೆಂದು ತಿಳಿದು ಬೆಳೆದ ಕೈ, ಅದಕ್ಕೆ ಪರೀಕ್ಷೆ ಗಿರೀಕ್ಷೆ ಗೊತ್ತಿಲ್ಲ. ಹೊತ್ತು ಮೂಡುವುದರ ಬದಲು ಕೆಸರು ಕಲಕಿದಂತಾಯಿತು. ಎರಡನೆಯ ಸಲ ರಾಜಶ್ರೀ ಚಮಚ ಕಸಿದು ತನ್ನ ಪ್ಲಾಸ್ಟರಿನ ಪಟ್ಟಿಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಮೊಬೈಲು ಹಿಡಿದಳು. ನಾನು ಮೆಲ್ಲಗೆ ಸುರಿದೆ. ಮೇಲಿನಿಂದ ಬಗ್ಗಿ ನೋಡಿದರೆ ಪಾಕ ಮುಳುಗಿದ್ದು ಸ್ಪಷ್ಟವಾಗಿ ಕಂಡಿತು. ಹೆಮ್ಮೆಯಿಂದ ಗ್ಲಾಸು ಮುಂದೆ ಸರಿಸಿದೆ. ಅವಳು ಮೊಬೈಲು ಕೆಳಗಿಳಿಸಿ ನನ್ನ ಮುಖ ನೋಡಿದಳು. "ದೊಡ್ಡವ್ವಾ, ಇದು ಸ್ಟೀಲಿಂದು" ಎಂದಳು. ಕ್ಯಾಮೆರಾದಲ್ಲಿ ಮೂಡಿದ್ದು ಹೊತ್ತಲ್ಲ, ಗ್ಲಾಸಿನ ಮೇಲೆ ಕೊರೆಸಿದ ನಮ್ಮ ಯಜಮಾನರ ಹೆಸರು.

ನಮ್ಮದು ಸ್ಟೀಲಿನ ಮನೆ, ಮಾನ್ಯರೇ. ಗಾಜು ಒಡೆದರೆ ಅಶುಭವೆಂದು ಅತ್ತೆಯವರು ಗಾಜಿನ ಸಾಮಾನು ಒಳಗೆ ಬಿಡಲಿಲ್ಲ, ಅವರು ಹೋದ ಮೇಲೂ ಬಿಡಲಿಲ್ಲ. ಇದ್ದ ಒಂದೇ ಉದ್ದ ಗಾಜಿನ ಗ್ಲಾಸು ದೇವರ ಮುಂದಿನದು, ಕೆಳಗೆ ಕುಂಕುಮದ ನೀರು ಹಾಕಿ ಮೇಲೆ ಎಣ್ಣೆ ತೇಲಿಸಿ ಬತ್ತಿ ಹಚ್ಚುವಂಥದ್ದು. ಗುರುವಾರ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಪೇಟೆಗೆ ಹೋಗಿ ಬರುವಷ್ಟು ಹೊತ್ತಿಲ್ಲ, ಒಂದು ಸಲಕ್ಕಾಗುವಷ್ಟೇ ಪಾಕ ಉಳಿದಿತ್ತು. ನಾನು ಜಗುಲಿಯ ಮುಂದೆ ಕುಳಿತೆ. ಶಿವನಿಗೆ ಹೇಳಬೇಕಾದುದನ್ನು ಹೇಳಿದೆ. ಅದು ನಮ್ಮಿಬ್ಬರ ನಡುವಿನ ಮಾತು, ತಮಗೆ ಸಂಬಂಧಿಸಿದ್ದಲ್ಲ. ಬತ್ತಿಯನ್ನು ಹಣತೆಗೆ ಬದಲಿಸಿ, ಗ್ಲಾಸನ್ನು ಶೀಗೆಪುಡಿ ಹಾಕಿ ಮೂರು ಸಲ ತೊಳೆದು, ಎಣ್ಣೆಯ ಪಸೆ ಹೋಯಿತೆಂದು ಬೆಳಕಿಗೆ ಹಿಡಿದು ನೋಡಿ ತಂದೆ.

ಆ ಗ್ಲಾಸು ಕೈಗೆ ಬಂದೊಡನೆ ನನ್ನ ಹೆದರಿಕೆ ಹೋಯಿತು. ಒಂದರ ಮೇಲೊಂದು ಕೂಡದಂತೆ ಸುರಿಯುವುದನ್ನು ತಾವೇ ಕಂಡುಹಿಡಿದವರ ಹಾಗೆ ಪುಸ್ತಕದಲ್ಲಿ ಚಿತ್ರ ಬರೆಸಿಕೊಂಡಿದ್ದೀರಿ. ಮದುವೆಯಾಗಿ ಬಂದ ಮರುದಿನದಿಂದ ನಾನು ದಿನಾ ಬೆಳಿಗ್ಗೆ ಮಾಡುವ ಕೆಲಸವೇ ಅದು. ಗ್ಲಾಸು ಸ್ವಲ್ಪ ಓರೆ ಮಾಡಬೇಕು, ಚಮಚದ ಬೆನ್ನನ್ನು ಗಾಜಿಗೆ ತಾಗಿಸಬೇಕು, ಸುರಿಯುವ ಹೊತ್ತಿಗೆ ಮನಸ್ಸಿನಲ್ಲಿ ಬೇರೆ ಏನೂ ಇರಬಾರದು. ರಾಜಶ್ರೀ ಮೊಬೈಲು ಹಿಡಿದು ತನ್ನ ಪಾಠ ಹೇಳತೊಡಗಿದಳು. ನಾನು ತಮ್ಮನ್ನು ಅಳತೆಯಂತೆ ಹಾಕಿದೆ, ರಸ ಹಾಕಿದೆ, ಪಾಕದ ಚಮಚ ಎತ್ತಿದೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಯಜಮಾನರು ಮೋಟಾರಿನ ನಟ್ಟು ಬಿಗಿಯುವ ಪಾನಾ ಒಯ್ಯಲು ಹೊಲದಿಂದ ಬಂದಿದ್ದರು. ತಮ್ಮನ್ನು ಕಂಡರು, ದೇವರ ಗ್ಲಾಸನ್ನು ಕಂಡರು, ನನ್ನನ್ನು ಕಂಡರು. ನನಗೆ ಕೈ ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದ್ದರೆ ಹುಡುಗಿಯ ಒಂದು ವರ್ಷ ಅಲ್ಲೇ ಕಲಕಿಹೋಗುತ್ತಿತ್ತು. ಕಣ್ಣು ಗ್ಲಾಸಿನ ಮೇಲೆ ಇಟ್ಟುಕೊಂಡೇ ಸುರಿದೆ. ಕೆಂಪು ಗಾಜಿನ ಮೈ ಹಿಡಿದು ಮೆಲ್ಲಗೆ ಇಳಿಯಿತು, ತಳದಲ್ಲಿ ನಿಂತಿತು, ನಿಂತಲ್ಲಿಂದ ಹಳದಿಯೊಳಗೆ ಏರಿತು. ಸುಂದರವಾಗಿತ್ತು ಎಂದು ತಮಗೆ ನಾನು ಒಪ್ಪಿಕೊಳ್ಳಬೇಕಾಗಿದೆ, ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ ಸಂಗತಿ. ಆಮೇಲೆ, ಆ ಗ್ಲಾಸು ತುಂಬಿದ ಮೇಲೆ ಮೂವತ್ತು ವರ್ಷದಿಂದ ಕೈ ಏನು ಮಾಡುತ್ತದೋ ಅದನ್ನೇ ಮಾಡಿತು. ಸೆರಗಿನಿಂದ ಅಂಚು ಒರೆಸಿದೆ, "ಓಂ ನಮಃ ಶಿವಾಯ" ಎಂದೆ, ತಮಗೆ ಎರಡೂ ಕೈ ಮುಗಿದೆ. ಎಲ್ಲವೂ ವಿಡಿಯೋದಲ್ಲಿ ಬಂದಿದೆ.

ರಾಜಶ್ರೀ ಮೊಬೈಲು ಇಳಿಸಿ ದೊಡ್ಡಪ್ಪನ ಕಡೆ ತಿರುಗಿ ನಿಂತಳು. ಬೈಗುಳಕ್ಕೆ ತಲೆ ತಗ್ಗಿಸಿದ್ದಳು. ಅವರು ಬಗ್ಗಿ ಗ್ಲಾಸನ್ನು ನೋಡಿದರು. "ನಿಮ್ಮಪ್ಪ ಒಂದ ದಿನಾನೂ ಏನ ಕುಡಿಯಾಕತ್ತೇನಿ ಅಂತ ನೋಡಿ ಕುಡೀಲಿಲ್ಲ ಯವ್ವಾ," ಎಂದರು. "ಕಣ್ಣ ಮುಚ್ಚಿ ಕುಡದಾ." ಆಮೇಲೆ ಅವಳ ಪ್ಲಾಸ್ಟರಿನ ಕೈ ನೋಡಿ, "ಪಾಸ ಆಗತೀಯೇನ ಇದರಿಂದ?" ಎಂದು ಕೇಳಿದರು. ಹೂಂ ಎಂದಳು. "ಹಂಗಾರ ಕಳಸ ಲಗೂನ, ನೆಟ್ ಹೋಗತೈತಿ ಇನ್ನ" ಎಂದು ಪಾನಾ ತೆಗೆದುಕೊಂಡು ಹೊರಟುಹೋದರು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ವಿಡಿಯೋ ಮುಟ್ಟಿತು. ಆ ಸುಂದರವಾದುದನ್ನು ನಾನೇ ಬಚ್ಚಲಿಗೆ ಚೆಲ್ಲಿದೆ. ತಮ್ಮ ಕಾಲು ಭಾಗದ ವಿವರ ಇಷ್ಟೇ.

ಮಂಗಳವಾರ ಫಲಿತಾಂಶ ಬಂತು. ಪದರಿಗೆ ಪೂರ್ತಿ ಅಂಕ. ಸುರಿಯುವವರು ಬಳೆ ಹಾಕಬಾರದಂತೆ, ನನ್ನ ಬಳೆಗೆ ಎರಡು ಅಂಕ ಕಡಿತ. ಕೈ ಮುಗಿಯುವುದು ಪಠ್ಯದಲ್ಲಿಲ್ಲ ಎಂದು ಸರ್ ಒಂದು ಸಾಲು ಬರೆದಿದ್ದಾರೆ, ಅಂಕ ಕಡಿದಿಲ್ಲ. ಹುಡುಗಿ ಪಾಸಾದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೊಲ್ಲಾಪುರಕ್ಕೆ ಹೋಗುತ್ತಾಳೆ. ನಾಳೆ ಬೆಳಗಿನ ಬಸ್ಸಿಗೆ ತಾವೂ ಅವಳ ಚೀಲದಲ್ಲಿ ಕಾಲೇಜಿಗೆ ಮರಳುತ್ತೀರಿ.

ತಮ್ಮ ಬಳಗ ಅಪ್ಪನನ್ನು ಒಯ್ದಿತು, ಈಗ ತಾವು ಮಗಳಿಗೆ ಅನ್ನ ಹಾಕಲು ಹೊರಟಿದ್ದೀರಿ. ಇದನ್ನು ಔದಾರ್ಯ ಎನ್ನಬೇಕೋ ನಾಚಿಕೆ ಎನ್ನಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಧನ್ಯವಾದ ಹೇಳುತ್ತಿದ್ದೇನೆ. ಹೊರಡುವ ಮುನ್ನ ಕೆಲವು ವಿನಂತಿಗಳಿವೆ. ತಾವು ಇನ್ನು ಮುಂದೆ ಹಸಿಶುಂಠಿಯ ವಾಸನೆ ಬೀರಬೇಕು. ನಂದಾಳ ಮನೆಗೆ ಒಮ್ಮೆ ಬಂದು, ಹೊಸ್ತಿಲ ಹೊರಗೇ ನಿಂತು, ತಮ್ಮ ಬಳಗದ ಪರವಾಗಿ ತಪ್ಪೊಪ್ಪಿಕೊಳ್ಳಬೇಕು. ಅವಳು ಮಾತಾಡದಿದ್ದರೆ ಬೇಸರಿಸಬಾರದು.

ಇನ್ನೊಂದು ಇದೆ. ಮುಂದಿನ ತಿಂಗಳಿನಿಂದ ತಾವೂ ನಮ್ಮ ಹುಡುಗಿಯೂ ಒಂದೇ ಕಡೆ ದುಡಿಯುವವರು. ಬಂದವನು ಒಂದು ಕುಡಿದು ಎದ್ದುಹೋದರೆ ನನ್ನದೇನೂ ತಕರಾರಿಲ್ಲ. ಮತ್ತೊಂದು, ಮಗದೊಂದು ಎಂದು ಕೇಳುವವನ ಮನೆಯಲ್ಲಿ ಬಾಗಿಲು ಕಾಯುತ್ತ ಕುಳಿತ ಕೂಸು ಇದ್ದರೆ, ದಯವಿಟ್ಟು ತಾವು ಕೊರಳಲ್ಲೇ ಗಟ್ಟಿಯಾಗಿ ನಿಂತುಬಿಡಬೇಕು, ತಳ ಬಡಿದರೂ ಇಳಿಯಬಾರದು. ಅದು ತಮ್ಮಿಂದ ಆಗದೆಂದು ನನಗೆ ಗೊತ್ತು. ಇಳಿಯುವುದೇ ತಮ್ಮ ಧರ್ಮ. ಹಾಗಿದ್ದರೆ ಸುಮ್ಮನೆ ರಾಜಶ್ರೀಯ ಕೈಗೆ ಬಿಟ್ಟುಬಿಡಿ. ಯಾವಾಗ ಸುರಿಯುವುದನ್ನು ನಿಲ್ಲಿಸಬೇಕೆಂದು ಅವಳಿಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ. ಹತ್ತು ವರ್ಷದವಳಾಗುವ ತನಕ ಬಾಗಿಲಲ್ಲಿ ಕುಳಿತವಳು ಅವಳು.

ತಮ್ಮಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ, ಕಾಗದದ ರೀತಿ ಕೆಡಿಸಬಾರದೆಂದು,
ತಮ್ಮ ವಿಶ್ವಾಸಿ
ಭರಮವ್ವ, ಮಮದಾಪುರ

ತಾ.ಕ.: ಬಸ್ಸು ಇಳಿದು ಊರೊಳಗೆ ಬರುವ ದಾರಿಯಲ್ಲಿರುವ ತಮ್ಮ ಬಂಧುಗಳ ಅಂಗಡಿಯನ್ನು ಎತ್ತಿಸಬೇಕೆಂದು ನಾವು ಹೆಣ್ಣುಮಕ್ಕಳು ನಿನ್ನೆ ತಹಶೀಲ್ದಾರರಿಗೆ ಅರ್ಜಿ ಬರೆದೆವು. ಮೊದಲ ಸಹಿ ರಾಜಶ್ರೀಯದು. ಎಡಗೈಯಿಂದ ಹಾಕಿದ್ದರಿಂದ ಅಕ್ಷರ ಸೊಟ್ಟಗಿವೆ, ಆದರೆ ಓದಲು ಬರುತ್ತವೆ.